ಹುಸೇನಮಿಯಾನ ಇನ್ನೂರ ಐದು ಕಿಲೋಮೀಟರ್

ಉಗಾರ ಖುರ್ದದ ಮನೆಯಿಂದ ಜುಗೂಳಕ್ಕೆ, ಗಾಡಿ ಖಾಲಿ ಇದ್ದರೆ, ಹನ್ನೊಂದು ಪರ್ಸೆಂಟ್ ಬ್ಯಾಟರಿ. ಜುಗೂಳದಿಂದ ಚಿಕ್ಕೋಡಿಗೆ, ಹಿಂದೆ ಮೂರು ಟನ್ ಒಣದ್ರಾಕ್ಷಿ ಇದ್ದರೆ, ಇಪ್ಪತ್ತೊಂಬತ್ತು. ಚಿಕ್ಕೋಡಿಯಿಂದ ನಿಪ್ಪಾಣಿಗೆ ಏರು ಜಾಸ್ತಿ, ಇಪ್ಪತ್ತು. ಮೇ ತಿಂಗಳ ಬಿಸಿಲಿಗೆ ಏಸಿ ಹಚ್ಚಿದರೆ ಇದೆಲ್ಲದರ ಮೇಲೆ ಇನ್ನೊಂದು ಐದು. ಹಾರ್ನಿಗೆ ಏನೂ ಇಲ್ಲ. ಕಂಪನಿಯವರು ಹಾರ್ನ್ ಒಂದನ್ನು ಧರ್ಮಕ್ಕೆ ಕೊಟ್ಟಿದ್ದಾರೆ. ಹೀಗೆ ನಿಪ್ಪಾಣಿ ಮುಟ್ಟುವ ಹೊತ್ತಿಗೆ ಮೂವತ್ತೈದು ಉಳಿಯುತ್ತದೆ, ಖಾಲಿ ಗಾಡಿ ಹೊಡೆದುಕೊಂಡು ಮನೆಗೆ ಬರಲು ಐವತ್ತು ಬೇಕು. ಬೆಳಗಿನ ಆರು ಗಂಟೆಗೆ ಬಚ್ಚಲಕಟ್ಟೆಯ ಮುಂದೆ ಬ್ರಷ್ ಬಾಯಲ್ಲಿಟ್ಟುಕೊಂಡು ಹುಸೇನಮಿಯಾ ಈ ಲೆಕ್ಕವನ್ನು ಮೂರನೇ ಸಲ ಮಾಡಿದ. ಮೂರನೇ ಸಲವೂ ಅದೇ ಬಂತು.

"ಮೊದಲ ಬಾಯಾಗಿನ ಬುರುಗ ಉಗಳ್ರಿ," ಎಂದಳು ಹೆಂಡತಿ ಸಕೀನಾಬಿ. "ಪರ್ಸೆಂಟ್ ಎಣಿಸಿ ಎಣಿಸಿ ಪೇಸ್ಟ್ ನುಂಗಾಕತ್ತೀರಿ."

ಉಗುಳಿದ. ಎಲೆಕ್ಟ್ರಿಕ್ ಟ್ರಕ್ಕು ಮನೆಗೆ ಬಂದ ಡಿಸೆಂಬರಿನಿಂದ ಅವನಿಗೆ ಎಲ್ಲವೂ ಪರ್ಸೆಂಟಿನಲ್ಲೇ ಕಾಣುತ್ತಿತ್ತು. ಶುಕ್ರವಾರ ನಮಾಜಿಗೆ ಕೂತಾಗ ಮುಂದಿನ ಸಾಲಿನ ಮುದುಕರನ್ನು ನೋಡಿ, ಇವರು ಹದಿನೈದು, ಅವರು ಎಂಟು, ಇನ್ನು ಆ ಕಂಬಕ್ಕೆ ಒರಗಿದವರಿಗೆ ಕೆಂಪು ದೀಪ ಹತ್ತಿಬಿಟ್ಟಿದೆ ಎಂದು ಎಣಿಸುತ್ತ, ಆಮೇಲೆ ತೌಬಾ ತೌಬಾ ಎಂದು ಕೆನ್ನೆ ತಟ್ಟಿಕೊಳ್ಳುತ್ತಿದ್ದ. ತನ್ನದು ಐವತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಎಡ ಮೊಣಕಾಲು, ನಲವತ್ತು ಇರಬಹುದು. ಸಕೀನಾಬಿ ಅಷ್ಟೂ ಕೊಡುತ್ತಿರಲಿಲ್ಲ. ಮದುವೆಯ ಕಾಲಕ್ಕೆ ನಡುವಿನವರು ಅವಳ ಅಪ್ಪನ ಮುಂದೆ, ಹುಡುಗ ಹತ್ತನೇ ಪಾಸ್, ಲಾರಿ ಐತಿ, ಬಾಯಿಗೆ ಎಲಿ ಅಡಕಿ ಸೈತ ಮುಟ್ಟಸೂದಿಲ್ಲ ಎಂದಿದ್ದರು. ಲಾರಿ ಇದ್ದದ್ದು ಖರೆ. ಹುಸೇನಮಿಯಾ ಅದರ ಕ್ಲೀನರ್ ಆಗಿದ್ದ. ಕಂಪನಿಯ ಚೀಟಿಯಲ್ಲಿ ಒಂದು ಚಾರ್ಜಿಗೆ ಇನ್ನೂರ ನಲವತ್ತು ಕಿಲೋಮೀಟರ್ ಎಂದು ಅಚ್ಚು ಹಾಕಿದ್ದನ್ನು ಅವನು ಮೊದಲ ದಿನ ಓದಿ ಹೇಳಿದಾಗ ಸಕೀನಾಬಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ನೀವೂ ಇನ್ನೂರ ನಲವತ್ತ ಅನಿಸಿಕೊಂಡ ಬಂದವ್ರ. ರಸ್ತೆಕ್ಕ ಬಂದ ಮ್ಯಾಲ ಗೊತ್ತಾತು," ಎಂದಿದ್ದಳು.

ಆ ಮಾತು ಚುಚ್ಚಿದ್ದಕ್ಕೇ ಅವನು ತಾನೇ ಅಳೆಯಲು ಹೊರಟದ್ದು. ಇನ್ನೂರ ನಲವತ್ತನ್ನು ನಂಬುವಷ್ಟು ಹುಚ್ಚ ಅವನಲ್ಲ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು, ಕಂಪನಿಯವರ ಮಾತಿಗೆ ಎಷ್ಟು ಸೋಡಿ ಬಿಡಬೇಕು ಎಂಬುದು ಗೊತ್ತಿದ್ದವನು. ಜನವರಿಯಲ್ಲಿ, ಒಂದು ಸೋಮವಾರ, ನೂರಕ್ಕೆ ನೂರು ಚಾರ್ಜ್ ಮಾಡಿ ಉಗಾರದಿಂದ ಕಾಗವಾಡ, ಕಾಗವಾಡದಿಂದ ಅಥಣಿ, ತಿರುಗಿ ಉಗಾರ, ಮತ್ತೆ ರಾಯಬಾಗ, ಹೀಗೆ ಎರಡು ದಿನ ಬಾಡಿಗೆ ಹೊಡೆದ. ಒಂದೊಂದು ಫೇರಿಯನ್ನೂ ಸಿಗರೇಟ್ ಪಾಕೀಟಿನ ಹಿಂದೆ ಬರೆದ. ಆರು ಪರ್ಸೆಂಟ್ ಉಳಿದಿದ್ದಾಗ ಗಾಡಿ ಮನೆಯ ಮುಂದೆ ಬಂದು ನಿಂತಿತು. ಇನ್ನೂರ ಐದು. ಆ ಅಂಕಿ ಅವನಿಗೆ ಇಷ್ಟವಾಯಿತು. ಇನ್ನೂರು ಎಂದಿದ್ದರೆ ಅಂದಾಜು ಹೇಳಿದಂತಾಗುತ್ತಿತ್ತು. ಕೊನೆಯ ಆ ಐದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಕಾಗವಾಡದ ಹೋಟೆಲಿನಲ್ಲಿ ಚಹಾ ಕಪ್ಪಿನ ಮೇಲೆ ಕೈಯಿಟ್ಟು, "ಕಂಪನಿಯವ್ರು ಇನ್ನೂರ ನಲವತ್ತ ಅಂತಾರ, ಸುಳ್ಳ. ನಾ ಹೊಡದ ನೋಡೇನಿ. ಇನ್ನೂರ ಐದು. ಆಣಿ ಮಾಡಿ ಹೇಳತೇನಿ," ಎಂದ. ಕಂಪನಿ ಸುಳ್ಳು ಎಂದದ್ದರಿಂದ ಜನ ಅವನನ್ನು ನಂಬಿದರು. ಮರುದಿನದಿಂದ ಹೋಟೆಲಿನ ಅಣ್ಣಾಸಾಬ, ಅರ್ಧ ಮರಾಠಿಯವನು, ಗಾಡಿ ಕಂಡ ಕೂಡಲೇ "ಯಾ, ಯಾ, ದೋನಶೇ ಪಾಚ! ಬಸಾ!" ಎಂದು, ಇನ್ನೂರ ಐದು ಎಂಬುದೇ ಅವನ ಹೆಸರೆಂಬಂತೆ, ಕರೆಯತೊಡಗಿದ. ಮೂವತ್ತು ವರ್ಷದಲ್ಲಿ ಹುಸೇನಮಿಯಾನಿಗೆ ಸಿಕ್ಕ ಮೊದಲ ಪದವಿ ಅದು.

ಮಾರ್ಚಿನಲ್ಲಿ ಉಗಾರದ ಸಕ್ಕರೆ ಫ್ಯಾಕ್ಟರಿ ಬಂದ್ ಆಯಿತು, ಕಬ್ಬು ಮುಗಿಯಿತು, ಮತ್ತು ಬ್ಯಾಟರಿ ಸೋರತೊಡಗಿತು. ನೂರ ಎಂಬತ್ತು, ನೂರ ಐವತ್ತು, ಭಾರ ಹೇರಿದರೆ ನೂರ ಮೂವತ್ತು. ಯಾರೋ ರಾತ್ರಿ ಬಂದು ಕರೆಂಟು ಕದಿಯುತ್ತಿದ್ದಾರೆ ಎಂದು ಎರಡು ದಿನ ಅನುಮಾನಪಟ್ಟ. ನಿಪ್ಪಾಣಿಯ ಶೋರೂಮಿಗೆ ಫೋನ್ ಮಾಡಿದರೆ ಅಲ್ಲಿನ ಸೇಲ್ಸಿನ ಹುಡುಗ ವಿಶಾಲ, ಮೀಸೆ ಇನ್ನೂ ಪೂರ್ತಿ ಕೂಡಿರದ ಹುಡುಗ, "ಡ್ರೈವಿಂಗ್ ಸ್ಟೈಲ್ ಬದಲ ಮಾಡ್ರಿ ಕಾಕಾ," ಎಂದ. ಫೋನ್ ಇಟ್ಟ ಮೇಲೆ ಹುಸೇನಮಿಯಾ ಬಹಳ ಹೊತ್ತು ತನ್ನ ಎರಡು ಕೈಗಳನ್ನು ನೋಡಿಕೊಂಡ. ಕಾರಣ ತಿಳಿದದ್ದು ದಿಗ್ಗೇವಾಡಿಯ ಹತ್ತಿರ, ಮಣ್ಣು ಹೇರಿದ ಟ್ರ್ಯಾಕ್ಟರೊಂದು ಡಬಲ್ ಟ್ರೇಲರ್ ಎಳೆದುಕೊಂಡು, ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು, ದಾರಿ ಬಿಡದೆ ಮುಂದೆ ಹೊರಟಾಗ. ಬೈಯುತ್ತ ಬೈಯುತ್ತ ಅದರ ಬೆನ್ನಿಗೆ ಇಪ್ಪತ್ತೈದರ ವೇಗದಲ್ಲಿ ಗಾಡಿ ಹೊಡೆಯುತ್ತಿದ್ದವನ ಕಣ್ಣು ಪರದೆಯ ಮೇಲೆ ಬಿತ್ತು. ಉಳಿದ ಕಿಲೋಮೀಟರು ಕಡಿಮೆಯಾಗುವ ಬದಲು ಏರುತ್ತಿತ್ತು. ಐವತ್ತೆಂಟು, ಅರವತ್ತು, ಅರವತ್ತಮೂರು. ಜನವರಿಯ ಆ ಎರಡು ದಿನ ಒಮ್ಮೆಲೇ ನೆನಪಾದವು: ಅಥಣಿಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು, ರಾಯಬಾಗದ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು, ಸಾಲುಗಟ್ಟಿದ ಚಕ್ಕಡಿ, ಎಲ್ಲಿಯೂ ಮೂವತ್ತರ ಮೇಲೆ ಹೋಗಲು ಜಾಗವಿಲ್ಲ, ಗಾಳಿಯನ್ನೂ ಅವೇ ತಡೆಯುತ್ತಿದ್ದವು, ಮೇಲೆ ಚಳಿಗಾಲ, ಏಸಿಯೂ ಬೇಕಿರಲಿಲ್ಲ. ಅವನು ಅಳೆದದ್ದು ಗಾಡಿಯನ್ನಲ್ಲ, ಕಬ್ಬಿನ ಹಂಗಾಮನ್ನು. ಟ್ರ್ಯಾಕ್ಟರಿನವನು ಕೈ ಮಾಡಿ ದಾರಿ ಬಿಟ್ಟ. ಹುಸೇನಮಿಯಾ ದಾಟಲಿಲ್ಲ. ಊರು ಬರುವ ತನಕ ಹಿಂದೆಯೇ ಹೋದ.

ಅಂದೇ ಕಾಗವಾಡದಲ್ಲಿ ಗಾಡಿ ನಿಲ್ಲಿಸಿ ಹೇಳಿಬಿಡಬಹುದಿತ್ತು. ನಿಲ್ಲಿಸಿದ್ದೂ ಹೌದು. "ದೋನಶೇ ಪಾಚ, ಆಜ್ ಕಾಯ್ ಖಾಣಾರ?" ಎಂದು ಅಣ್ಣಾಸಾಬ ಭಜಿ ತಟ್ಟೆ ಮುಂದಿಟ್ಟ. ಭಜಿ ತಿಂದು, ಕೈ ಒರೆಸಿಕೊಂಡು ಬಂದ. ಹೇಳಿದರೆ ಏನಾಗುತ್ತಿತ್ತು? ನಕ್ಕು ಬಿಡುತ್ತಿದ್ದರು, ಎಂಟು ದಿನ. ಆ ಎಂಟು ದಿನ ತಪ್ಪಿಸಲು ಎರಡೂವರೆ ತಿಂಗಳು ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಆ ಅಂಕಿ ಅವನ ಕೈಬಿಟ್ಟು ತಾನೇ ನಡೆದಾಡುತ್ತ ಜುಗೂಳಕ್ಕೆ ಹೋಗಿ ವಿರುಪಾಕ್ಷಪ್ಪನ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿತ್ತು.

ವಿರುಪಾಕ್ಷಪ್ಪ ಕಬ್ಬು, ದ್ರಾಕ್ಷಿ, ನಲವತ್ತು ಎಮ್ಮೆಗಳ ಮನುಷ್ಯ. ಇವತ್ತು ಅವನು ನಿಪ್ಪಾಣಿಯ ಶೋರೂಮಿನಲ್ಲಿ ಇಂಥವೇ ಎರಡು ಟ್ರಕ್ಕಿಗೆ ಸಹಿ ಮಾಡಲಿದ್ದ. ಹುಸೇನಮಿಯಾನ ಮಾತಿನ ಮೇಲೆ. ಮತ್ತು ಹುಸೇನಮಿಯಾನ ಗಾಡಿಯಲ್ಲೇ ಕೂತು ಹೋಗಲಿದ್ದ.

ಜುಗೂಳದಲ್ಲಿ ಒಣದ್ರಾಕ್ಷಿಯ, ಅಂದರೆ ಇಲ್ಲಿಯವರ ಮಣೂಕದ, ಪೆಟ್ಟಿಗೆಗಳು ಏರುತ್ತಿದ್ದಾಗ ಹುಸೇನಮಿಯಾ ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ತನ್ನ ಟವೆಲ್ಲನ್ನು ಹೊದಿಸಿದ. ಯಾರಾದರೂ ಕೇಳಿದರೆ ಬಿಸಿಲಿಗೆ ಪರದೆ ಹಾಳಾಗುತ್ತದೆ ಎನ್ನುವುದು. ಯಾರೂ ಕೇಳಲಿಲ್ಲ, ಕೇಳದೇ ಇದ್ದದ್ದು ಇನ್ನೂ ಕಷ್ಟವಾಯಿತು, ತಯಾರಿಸಿದ ಸುಳ್ಳು ಬಾಯಲ್ಲೇ ಉಳಿಯಿತು. "ಖಾಲಿ ಗಾಡಿ ನಿಪ್ಪಾಣಿಗೆ ಯಾಕ ಹೋಗಬೇಕು ಭಾಯಿ, ಹೆಂಗೂ ಹೊಂಟೇವಿ, ಮಣೂಕ ವ್ಯಾಪಾರಿಗಿ ಮುಟ್ಟಿಸಿದಂಗ ಆಗತೈತಿ," ಎಂದು ವಿರುಪಾಕ್ಷಪ್ಪ ಕೊನೆಯ ಪೆಟ್ಟಿಗೆಯ ಮೇಲೆ ಇನ್ನೂ ಎಂಟು ಪೆಟ್ಟಿಗೆ ಇಡಿಸಿದ. ಅವನ ಹೆಂಡತಿ ಗೌರಾಬಾಯಿ ಜರಿಯಂಚಿನ ಸೀರೆ ಉಟ್ಟು, ಕೈಯಲ್ಲಿ ಪೂಜೆಯ ತೆಂಗಿನಕಾಯಿ ಹಿಡಿದು ಬಂದಳು. ಕ್ಯಾಬಿನ್ನಿನಲ್ಲಿ ಮೂವರು: ಕಿಟಕಿಗೆ ವಿರುಪಾಕ್ಷಪ್ಪ, ನಡುವೆ ಗೌರಾಬಾಯಿ, ಟವೆಲ್ಲು ಸರಿಯಾಗಿ ಅವಳ ಮೂಗಿನ ಮುಂದೆ.

ಗಾಡಿ ಹೊರಟಿತು. ಸದ್ದಿಲ್ಲ. ಈ ಸದ್ದಿಲ್ಲದ್ದು ಹುಸೇನಮಿಯಾನಿಗೆ ಇವತ್ತಿಗೂ ಒಗ್ಗಿಲ್ಲ. ಡೀಸೆಲ್ ಲಾರಿಯಲ್ಲಿ ಮಾತಾಡಬೇಕೆಂದರೆ ಕೂಗಬೇಕು, ಕೂಗುವುದು ಬೇಡವೆಂದರೆ ಸುಮ್ಮನಿರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಈ ಗಾಡಿಯಲ್ಲಿ ಸುಮ್ಮನಿದ್ದರೆ ಸುಮ್ಮನಿರುವುದು ಕೇಳಿಸುತ್ತದೆ. ಉಗಾರದಲ್ಲಿ ಲಗಮವ್ವನ ಆಡುಗಳು ಹಾರ್ನ್ ಹೊಡೆಯುವ ತನಕ ಏಳುವುದಿಲ್ಲ, ಅವಳು ಬಂದು, "ಕಳ್ಳರಂಗ ಬರತೀಯಲ್ಲೋ ಗಾಡಿ ತಗೊಂಡು," ಎಂದು ಬೈಯುತ್ತಾಳೆ. ಕಳ್ಳ ಎಂಬ ಮಾತು ಅವಳು ಗಾಡಿಗೆ ಅಂದದ್ದು. ಇರಲಿ.

"ಏಸಿ ಹಚ್ಚೋ ಭಾಯಿ. ಇಷ್ಟ ರೊಕ್ಕದ ಗಾಡ್ಯಾಗ ಬೆವರ ಒರಸ್ಕೋಂತ ಹೋಗೂದೇನ?"

ಹಚ್ಚಿದ. ಐದು ಪರ್ಸೆಂಟ್ ತಣ್ಣಗೆ ಮುಖಕ್ಕೆ ಬಡಿಯಿತು. ಕೃಷ್ಣೆಯ ಸೇತುವೆ ದಾಟುವಾಗ ವಿರುಪಾಕ್ಷಪ್ಪ ನೀರನ್ನು ನೋಡಿ, ಪ್ರತಿ ಸಲದಂತೆ, ಆ ಮಹಾಪೂರದ ಮಾತು ತೆಗೆದ. ಆಗ ಹೊಳೆ ಎಮ್ಮೆಗಳ ಹೊಟ್ಟೆಗೆ ಬಂದಿತ್ತು, ಹುಸೇನಮಿಯಾ ಕರೆಯದೆ ಬಂದು, ಮೊಣಕಾಲುದ್ದ ನೀರಿನಲ್ಲಿ ಡೀಸೆಲ್ ಲಾರಿ ತಂದು, ಮೂರು ಫೇರಿ ಹೊಡೆದು ಎಮ್ಮೆಗಳನ್ನೂ ಮನೆಯವರನ್ನೂ ಉಗಾರಕ್ಕೆ ಮುಟ್ಟಿಸಿದ್ದ. ಬಾಡಿಗೆ ಕೊಡಹೋದರೆ ಸಿಟ್ಟಾಗಿದ್ದ. "ಅವತ್ತ ನಾ ಕೇಳಿದ್ನಿ, ಮೂರನೇ ಫೇರಿ ಆಗತೈತೇನೋ ಭಾಯಿ ಅಂತ. ನೀ ಏನಂದಿ? ಆಗತೈತಿ ಅಂದಿ. ಆತು. ಅವತ್ತಿಂದ ನೀ ಆಗತೈತಿ ಅಂದ್ರ ನಾ ಮುಂದ ಕೇಳೂದಿಲ್ಲ." ಹುಸೇನಮಿಯಾನಿಗೆ ಮಾತ್ರ ಗೊತ್ತಿದ್ದದ್ದು ಏನೆಂದರೆ, ಅವತ್ತು ಆಗತೈತಿ ಎಂದಾಗಲೂ ಅವನಿಗೆ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂತು, ಅಂದ. ನೀರು ಇಳಿದದ್ದು ನೀರಿನ ಖುಷಿ. ಹಾಗೆ ಒಮ್ಮೆ ಪುಕ್ಕಟೆ ಸಿಕ್ಕ ಹೆಸರನ್ನು ಇಷ್ಟು ವರ್ಷ ಚಾರ್ಜ್ ಮಾಡದೆ ಓಡಿಸಿದ್ದ.

"ಈಗ ಕೇಳ," ವಿರುಪಾಕ್ಷಪ್ಪ ಬೆರಳು ಮಡಚತೊಡಗಿದ, "ನಸಿಕಿನ್ಯಾಗ ಒಂದ ಗಾಡಿ ಹೊಳಿ ದಂಡಿ ಹಳ್ಳಿ ತಿರಗಿ ಹಾಲ ಕೂಡಸ್ತೈತಿ, ಅದು ಮೂವತ್ತೈದ ಕಿಲೋಮೀಟರ್. ಅಲ್ಲಿಂದ ನಿಪ್ಪಾಣಿ ಡೇರಿಗೆ ಅರವತ್ತಮೂರು. ತಿರಗಿ ಅರವತ್ತಮೂರು. ಎಷ್ಟಾತು?"

"ನೂರ ಅರವತ್ತೊಂದು," ಎಂದಳು ಗೌರಾಬಾಯಿ.

"ನೂರ ಅರವತ್ತೊಂದು! ನಿಂದು ಇನ್ನೂರ ಐದು. ನಲವತ್ನಾಕ ಕೈಯಾಗ ಉಳೀತೈತಿ. ಸಂಜಿಗೆ ಎರಡನೇ ಗಾಡಿ, ಅದೂ ಹಂಗ. ಊರಾಗ ಕರೆಂಟ್ ಬಂದಾಗ ಚಾರ್ಜ್. ಡೀಸೆಲ್ ಇಲ್ಲ, ಹೊಗಿ ಇಲ್ಲ. ಡೇರಿಯವ್ರ ಜೋಡಿ ಮಾತಾಡಿ ಬಿಟ್ಟೇನಿ, ಒಂದನೇ ತಾರೀಖಿಂದ ಹಾಲ ಚಾಲೂ. ನಮ್ಮ ಮಗಾ ಅಮಿತನ ಕೈಗಿ ಈ ಕೆಲಸ ಕೊಟ್ಟ ಬಿಡತೇನಿ, ಮೊಬೈಲ್ ತಿಕ್ಕೂದ ಬಿಡತಾನ."

ನೂರ ಅರವತ್ತೊಂದರಲ್ಲಿ ನೂರ ಮೂವತ್ತು ಹೋದರೆ ಮೂವತ್ತೊಂದು. ನಿಪ್ಪಾಣಿಯಿಂದ ತಿರುಗಿ ಬರುವಾಗ ಮೂವತ್ತೊಂದು ಕಿಲೋಮೀಟರು ಮೊದಲೇ, ಅಂದರೆ ಚಿಕ್ಕೋಡಿ ದಾಟಿ ಸ್ವಲ್ಪ ದೂರಕ್ಕೆ, ಅಮಿತ ದಿನಾ ಬೆಳಿಗ್ಗೆ ಒಂದು ಗಾಡಿ, ದಿನಾ ಸಂಜೆ ಒಂದು ಗಾಡಿ ನಿಲ್ಲಿಸಿಕೊಂಡು ಕೂಡುವುದು ಹುಸೇನಮಿಯಾನ ಕಣ್ಣಿಗೆ ಕಟ್ಟಿತು. ಒಂದು ಬೇವಿನ ಗಿಡವನ್ನೂ ಅವನಿಗೆ ನೆರಳಿಗೆಂದು ಮನಸ್ಸಿನಲ್ಲೇ ನೆಟ್ಟ. "ಅಣ್ಣಾರ, ಒಂದ ಮಾತ..." ಎಂದ.

"ಹೇಳ."

"ಈ ಸಲ ಮಣೂಕ ಭಾಳ ಚಲೋ ಬಂದಾವ."

ಅಂಕಲಿಯಲ್ಲಿ ಇನ್ನೊಮ್ಮೆ "ಅಣ್ಣಾರ" ಎಂದ. ಅಷ್ಟರಲ್ಲಿ ಹಂಪು ಬಂತು, ಗೌರಾಬಾಯಿಯ ತೆಂಗಿನಕಾಯಿ ಕೆಳಗೆ ಉರುಳಿತು, ಅದನ್ನು ಹುಡುಕುವುದರಲ್ಲಿ ಅಂಕಲಿ ಹೋಯಿತು. ಇದರಲ್ಲಿ ಇನ್ನೊಂದು ಕೊಳಕೂ ಇತ್ತು, ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅವನ ಹೆಸರು ಹೇಳಿ ಯಾರು ಗಾಡಿ ಕೊಂಡರೂ ಒಂದೊಂದಕ್ಕೆ ಇವನ ಗಾಡಿಗೆ ಎರಡು ವರ್ಷ ಪುಕ್ಕಟೆ ಸರ್ವಿಸ್ ಎಂದು ವಿಶಾಲ ಒಪ್ಪಿದ್ದ. ಎರಡು ಗಾಡಿಗೆ ನಾಲ್ಕು ವರ್ಷ. ತಾನು ಸುಮ್ಮನಿರುವುದು ಅದಕ್ಕಾಗಿ ಅಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ಖರೆಯೂ ಆಗಿತ್ತು. ನಾಚಿಕೆಗಾಗಿ ಸುಮ್ಮನಿದ್ದ, ಸರ್ವಿಸು ಅದರ ಮೇಲಿನ ಕೊಸರು.

ಚಿಕ್ಕೋಡಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಗೌರಾಬಾಯಿ ಒಳಗೇ ಕೂತಳು. ಹುಸೇನಮಿಯಾ ಸಡಿಲಾಗದ ಹಗ್ಗವನ್ನು ಮತ್ತೆ ಬಿಗಿದು, ಟೈರಿಗೆ ಒದ್ದು ನೋಡಿ, ಹೊತ್ತು ಕಳೆದು ಬಂದು ಸ್ಟೇರಿಂಗಿನ ಮುಂದೆ ಕೂತಾಗ, ಟವೆಲ್ಲಿನ ಹಸಿರು ಅಂಚು ಎಡಕ್ಕಿತ್ತು. ತಾನು ಹೊದಿಸಿದಾಗ ಅದು ಬಲಕ್ಕಿತ್ತೇ? ಎಡಕ್ಕೇ ಇದ್ದಿರಬೇಕು ಎಂದು ತೀರ್ಮಾನಿಸಿದ. ಗೌರಾಬಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೊರಗೆ ನೋಡುತ್ತಿದ್ದಳು. ಏಸಿ ನಡೆದಿತ್ತು.

ಚಿಕ್ಕೋಡಿ ದಾಟಿದ ಮೇಲೆ ಏರು. ಬಲಗಾಲು ತಾನಾಗಿ ಮೆತ್ತಗಾಯಿತು. ಕಂಪನಿಯವರು ಇನ್ನೂರ ನಲವತ್ತು ತೆಗೆದ ಆ ರಸ್ತೆ ಎಲ್ಲಿರಬಹುದು ಎಂದು ಅವನು ಯೋಚಿಸುತ್ತಿದ್ದ. ಈ ಐದು ತಾಲೂಕಿನಲ್ಲಿ ಇಲ್ಲ. ಅಲ್ಲಿ ಏರಿಲ್ಲ, ಹಂಪಿಲ್ಲ, ಎದುರು ಗಾಳಿ ಇಲ್ಲ. ಅಡ್ಡ ಬರುವ ಆಡಿಲ್ಲ. ಅಲ್ಲಿನ ಡ್ರೈವರನಿಗೆ ಮೂತ್ರಕ್ಕೆ ಅವಸರವಿಲ್ಲ, ಮಧ್ಯಾಹ್ನದೊಳಗೆ ಮುಟ್ಟಿಸಬೇಕಾದ ಮಾಲಿಲ್ಲ, ಮಗಳು ಸಾಯಿರಾಳ ಮನೆಯಿಂದ ಫೋನ್ ಬರುವುದಿಲ್ಲ, ಯಾರ ಎಮ್ಮೆಯನ್ನೂ ಅವನು ಹೊಳೆಯಿಂದ ದಾಟಿಸಿಲ್ಲ. ಅಂಥ ರಸ್ತೆಯಲ್ಲಿ ಹುಸೇನಮಿಯಾನೂ ಇನ್ನೂರ ನಲವತ್ತು ಓಡಿಯಾನು. ಹತ್ತನೇ ಪಾಸಾಗಿ, ಸ್ವಂತ ಲಾರಿಯಲ್ಲಿ, ಎಲೆ ಅಡಿಕೆ ಇಲ್ಲದ ಬಾಯಿಂದ ಬರೀ ಖರೆ ಹೇಳುತ್ತ. ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು.

"ಭಾಯಿ, ಇಷ್ಟ ಮೆತ್ತಗ ಯಾಕ ಹೊಡ್ಯಾಕತ್ತೀ? ನಂದೇನ ಹೆರಿಗಿ ಐತೇನ?" ಎಂದ ವಿರುಪಾಕ್ಷಪ್ಪ.

ವೇಗ ಹೆಚ್ಚಿಸಿದ.

ನಿಪ್ಪಾಣಿಯ ಶೋರೂಮಿನ ಮುಂದೆ ಗಾಡಿ ತಿರುಗಿಸಿದಾಗ ಹುಸೇನಮಿಯಾ ಮೊದಲು ಕಂಡದ್ದು ತನ್ನನ್ನೇ. ಎರಡು ಆಳೆತ್ತರದ ಫ್ಲೆಕ್ಸಿನಲ್ಲಿ, ಕೈ ಮುಗಿದುಕೊಂಡು, ಹಲ್ಲು ಬಿಟ್ಟುಕೊಂಡು ನಿಂತಿದ್ದ. ಡಿಸೆಂಬರಿನಲ್ಲಿ ಚಾವಿ ಕೊಡುವಾಗ ತೆಗೆದ ಫೋಟೋ. ಮುಖವನ್ನು ಎರಡು ಬಣ್ಣ ಬೆಳ್ಳಗೆ ಮಾಡಿದ್ದರು, ಟೋಪಿ ಸರಿ ಮಾಡಿದ್ದರು, ಹೊಟ್ಟೆ ಕತ್ತರಿಸಿದ್ದರು. ಕೆಳಗೆ ಕೆಂಪು ಅಕ್ಷರದಲ್ಲಿ: ಹುಸೇನಮಿಯಾ, ಉಗಾರ. ನನ್ನ ಅನುಭವದ ಮಾತು. ಒಂದು ಚಾರ್ಜ್, 240 ಕಿ.ಮೀ.

ಅವನು ಹ್ಯಾಂಡ್ ಬ್ರೇಕ್ ಎಳೆಯುವುದನ್ನೂ ಮರೆತು ಇಳಿಯಹೋಗಿ, ಗಾಡಿ ಒಂದು ಮೊಳ ಹಿಂದೆ ಜರುಗಿ, ಗೌರಾಬಾಯಿ "ಅಯ್ಯ ಶಿವನ" ಎಂದ ಮೇಲೆ ಎಳೆದು, ಇಳಿದು, ಸೀದಾ ಒಳಗೆ ಹೋದ.

"ಲೇ ವಿಶಾಲ! ಹೊರಗ ಬಾ. ಇದೇನಿದು?"

"ಯಾ ಯಾ ಕಾಕಾ! ಫೋಟೋ ಮಸ್ತ್ ಬಂದೈತಿ ಅಲ್ಲ?"

"ಫೋಟೋಕ್ಕ ಬೆಂಕಿ ಹಚ್ಚ. ಇನ್ನೂರ ನಲವತ್ತ ಅಂತ ನಾ ಯಾವಾಗ ಅಂದಿದ್ನಿ? ನಾ ಅಂದಿದ್ದು ಇನ್ನೂರ ಐದು. ಐದು!"

"ಮೂವತ್ತೈದ ಕಿಲೋಮೀಟರಿಗೆ ಏನ ಜಗಳಾ ಕಾಕಾ," ವಿಶಾಲ ನಗುತ್ತ ಗ್ರಾಹಕರಿಗೆ ನಮಸ್ಕಾರ ಮಾಡಿದ, "ನೀವ ಇನ್ನೂರ ಐದು ಅಂದ್ರಿ, ಕಂಪನಿ ಇನ್ನೂರ ನಲವತ್ತ ಅಂತೈತಿ. ಒಂದ ಬ್ಯಾನರ್ ಮ್ಯಾಲ ಎರಡ ನಂಬರ್ ಹಾಕಿದ್ರ ಚಂದ ಕಾಣೂದಿಲ್ಲ."

"ನನ್ನ ಮಾರಿ ಹಚ್ಚಿ, ನನ್ನ ಹೆಸರ ಬರದ, ಅದರ ಬುಡಕ ಸುಳ್ಳ ಬರೀತಿ?" ಹುಸೇನಮಿಯಾನ ಕೊರಳ ನರ ಉಬ್ಬಿತ್ತು. ಎಷ್ಟೋ ತಿಂಗಳ ಮೇಲೆ ಅವನಿಗೆ ಹಿತವೆನಿಸುತ್ತಿತ್ತು. ಸಿಟ್ಟು ಶುದ್ಧವಾಗಿತ್ತು, ಅನ್ಯಾಯ ಎದುರಿಗೇ ನಿಂತಿತ್ತು, ಅದೂ ಬೇರೆಯವರು ಮಾಡಿದ ಅನ್ಯಾಯ. "ಮೂವತ್ತ ವರ್ಷ ಆತ ಗಾಡಿ ಹೊಡ್ಯಾಕತ್ತು. ಒಬ್ಬರ ಮುಂದ ಒಂದ ಕಿಲೋಮೀಟರ್ ಹೆಚ್ಚ ಹೇಳಿಲ್ಲ ನಾ!"

ಹಿಂದಿನಿಂದ ವಿರುಪಾಕ್ಷಪ್ಪನ ಕೈ ಅವನ ಹೆಗಲ ಮೇಲೆ ಬಿತ್ತು. ದಪ್ಪ, ಬೆಚ್ಚಗಿನ ಕೈ. "ಹೌದ ನೋಡ ತಮ್ಮಾ. ಭಾಯಿ ಇನ್ನೂರ ಐದು ಅಂದ್ರ ಇನ್ನೂರ ಐದ. ಒಂದ ಹೆಚ್ಚಿಲ್ಲ, ಒಂದ ಕಡಿಮಿಲ್ಲ. ನಾ ಸಹಿ ಮಾಡಾಕ ಬಂದಿದ್ದ ಇವನ ಮಾತಿನ ಮ್ಯಾಲ, ನಿನ್ನ ಬ್ಯಾನರ್ ನೋಡಿ ಅಲ್ಲ. ಕಾಗದ ತಗಿ. ಬ್ಯಾನರ್ ಆಮ್ಯಾಲ ಬದಲ ಮಾಡು."

ವಿಶಾಲ ಕಾಗದ ತೆಗೆದ. ಪೆನ್ನಿನ ಟೋಪಿ ಬಿಚ್ಚಿ ಮುಂದಿಟ್ಟ. ಆ ಕೈ ಇನ್ನೂ ಹೆಗಲ ಮೇಲೇ ಇತ್ತು. ಅದನ್ನು ತೆಗೆಯಲಿ, ತೆಗೆದರೆ ಮಾತಾಡಬಹುದು ಎಂದು ಹುಸೇನಮಿಯಾ ಕಾದ. ತೆಗೆಯಲಿಲ್ಲ. ಗಾಜಿನ ಬಾಗಿಲಿನಾಚೆ ಎರಡು ಆಳೆತ್ತರದ ಬೆಳ್ಳಗಿನ ಹುಸೇನಮಿಯಾನ ಬೆನ್ನು ಕಾಣುತ್ತಿತ್ತು. ಹಿಂದಿನಿಂದ ಅವನು ಬರೀ ಒಂದು ಬಿಳಿ ಬಟ್ಟೆ, ನಾಲ್ಕು ಬಿದಿರು ಕೋಲು. ಹುಡುಗ ಸುಳ್ಳು ಹೇಳಿದ್ದು ಮೂವತ್ತೈದು. ತಾನು ಎಪ್ಪತ್ತೈದು.

"ಇನ್ನೂರ ಐದೂ ಇಲ್ರಿ ಅಣ್ಣಾರ," ಎಂದ. "ನೂರ ಮೂವತ್ತ."

ವಿಶಾಲ ಪೆನ್ನಿಗೆ ಟೋಪಿ ಹಾಕಿ, ಮತ್ತೆ ತೆಗೆದ.

"ಭಾರ ಹೇರಿದ್ರ ನೂರ ಮೂವತ್ತ. ಜನವರ್ಯಾಗ ಅಳದಾಗ ಕಬ್ಬಿನ ಟ್ರ್ಯಾಕ್ಟರ್ ಮುಂದಿದ್ದುವು. ಇಪ್ಪತ್ತೈದ ಮೂವತ್ತರ ಮ್ಯಾಲ ಹೋಗಾಕ ಜಾಗಾನ ಇರಲಿಲ್ಲ. ನಂಗ ಹೊಳೀಲಿಲ್ಲ. ಗಾಡೀದ ಗುಣಾ ಅಂದಕೊಂಡ್ನಿ. ಹಂಗಾಮ ಮುಗದ ಮ್ಯಾಲ ರಸ್ತೆ ಖಾಲಿ ಆತು, ಗೊತ್ತಾತು."

"ಡ್ರೈವಿಂಗ್ ಸ್ಟೈಲ್ ಕಾಕಾ," ವಿಶಾಲ ಬಾಯಿ ಹಾಕಿದ, "ನಾ ಆವಾಗ್ಲೇ ಹೇಳಿದ್ನಿ, ಮೆತ್ತಗ ಹೊಡದ್ರ ರೇಂಜ್ ಬರತೈತಿ..."

"ಮೆತ್ತಗ ಅಂದ್ರ?" ಗೌರಾಬಾಯಿ ಬಾಗಿಲಲ್ಲಿ ನಿಂತಿದ್ದಳು, ತೆಂಗಿನಕಾಯಿ ಕೈಯಲ್ಲೇ ಇತ್ತು. "ಕಬ್ಬಿನ ಟ್ರ್ಯಾಕ್ಟರ್ ಬೆನ್ನ ಹಿಡದ ಹಾಲ ತರಬೇಕೇನೋ ಯಪ್ಪಾ? ನಿಪ್ಪಾಣಿ ಮುಟ್ಟೂದ್ರಾಗ ಮೊಸರ ಆಗಿರತೈತಿ. ನೀ ಡೇರಿ ಬಿಟ್ಟ ಮಜ್ಜಿಗಿ ಅಂಗಡಿಗಿ ಗಾಡಿ ಮಾರ."

ವಿರುಪಾಕ್ಷಪ್ಪ ಕುರ್ಚಿಯಲ್ಲಿ ಕೂತ. ನೀರು ಕೇಳಿದ. ಇಡೀ ಲೋಟ ಕುಡಿದ. "ಯಾವಾಗಿಂದ ಗೊತ್ತಿತ್ತು ಭಾಯಿ?"

"ಮಾರ್ಚದಿಂದ."

"ಮೂರ ತಿಂಗಳ."

"ಎರಡೂವರಿ," ಎಂದ ಹುಸೇನಮಿಯಾ. ಅಂದ ಮೇಲೆ ನಾಲಗೆ ಕಚ್ಚಿಕೊಳ್ಳಬೇಕು ಅನ್ನಿಸಿತು.

"ಇದರಾಗೂ ಲೆಕ್ಕ ಬಿಗಿ ಮಾಡಾಕತ್ತೀ ನೋಡ," ಎಂದ ವಿರುಪಾಕ್ಷಪ್ಪ. ನಗುತ್ತಾನೆಂದು ಹುಸೇನಮಿಯಾ ಕಾದ. ಅವನು ನಗಲಿಲ್ಲ. ಲೋಟವನ್ನು ಮೇಜಿನ ಮೇಲೆ, ಕಾಗದದ ಮೇಲೆಯೇ, ಇಟ್ಟ. ಒದ್ದೆಯ ಒಂದು ಉಂಗುರ ಮೂಡಿತು.

ಹೊರಗೆ ಬಂದಾಗ ಗೌರಾಬಾಯಿ ಹುಸೇನಮಿಯಾನ ಪಕ್ಕಕ್ಕೆ ನಿಂತು, ದನಿ ತಗ್ಗಿಸದೆ ಹೇಳಿದಳು: "ಚಿಕ್ಕೋಡ್ಯಾಗ ಟವೆಲ್ ಸರಿಸಿ ನೋಡೇನಿ. ಅರ್ಧಕ್ಕ ಬರಾಕತ್ತಿತ್ತು. ಇನ್ನೂ ಚಿಕ್ಕೋಡಿ, ಆಗ್ಲೇ ಅರ್ಧ. ನೀನ ಹೇಳತೀಯೇನ ಅಂತ ದಾರಿ ಕಾಯ್ದೆ. ಹೇಳದಿದ್ರ ಸಹಿ ಮಾಡೂ ಮುಂದ ನಾನ ಹೇಳಾಕಿ ಇದ್ದೆ."

"ವೈನಿ, ಹಂಗಾದ್ರ ನಾ ಹೇಳಿದ್ದಕ್ಕ ಏನೂ ಉಪೇಗ ಆಗಲಿಲ್ಲ."

"ನಮಗೇನ ಆಗಲಿಲ್ಲ," ಎಂದಳು ಗೌರಾಬಾಯಿ. "ನಿನಗ ಆತು. ನಾ ಹೇಳಿದ್ರ ನೀ ಲಫಂಗ ಆಗತಿದ್ದಿ. ಈಗ ಬರೀ ಹುಚ್ಚ ಆದಿ."

ವ್ಯಾಪಾರಿಯ ಅಂಗಡಿಯಲ್ಲಿ ಪೆಟ್ಟಿಗೆ ಇಳಿಸಿದರು. ವಿರುಪಾಕ್ಷಪ್ಪ ಬಾಡಿಗೆ ಕೈಗಿಟ್ಟ, ಎಂದಿನಷ್ಟೇ, ಚೌಕಾಸಿ ಇಲ್ಲದೆ. ತಿರುಗಿ ಹೋಗಲು ಅವರು ಗಾಡಿ ಹತ್ತಲಿಲ್ಲ. "ಬಸ್ ಐತಿ ಭಾಯಿ. ನಿಂದ ಚಾರ್ಜ್ ಆಗೂದ್ರಾಗ ಸಂಜಿ ಆಗತೈತಿ," ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಬರೀ ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದುಕೊಳ್ಳುತ್ತ ಹುಸೇನಮಿಯಾ ಖಾಲಿ ಗಾಡಿಯನ್ನು ಶೋರೂಮಿಗೆ ತಂದು ಚಾರ್ಜಿಗೆ ಹಚ್ಚಿದ. ವೈರು ಗಿಡ್ಡ, ಗಾಡಿಯನ್ನು ಫ್ಲೆಕ್ಸಿನ ಬುಡಕ್ಕೇ ನಿಲ್ಲಿಸಬೇಕಾಯಿತು. ಎರಡು ತಾಸು ಅಲ್ಲಿ ಕೂತ. ದಾರಿಯಲ್ಲಿ ಹೋಗುವವರು ಮೇಲಿನವನನ್ನು ನೋಡಿ, ಕೆಳಗಿನವನನ್ನು ನೋಡಿ, ಮತ್ತೆ ಮೇಲಿನವನನ್ನು ನೋಡಿದರು. ವಿಶಾಲ ಬಂದು ಚಹಾ ಕೊಟ್ಟ. "ನನ್ನ ಎರಡ ಗಾಡಿ ಹೊಡದ ಹಾಕಿದ್ರಿ ಕಾಕಾ," ಎಂದ. ಪಾಪ, ಅವನ ಮುಖ ನಿಜವಾಗಿ ಬಾಡಿತ್ತು. "ನಂದ ಒಂದ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನೂರ ಮೂವತ್ತ ಅಂತ ಮೊದಲ ಹೇಳಿದ್ರ ನೀವ ಇದನ್ನ ತಗೋತಿದ್ರಿ?"

ಹುಸೇನಮಿಯಾ ಚಹಾ ಊದುತ್ತ ಕೂತ. ಕಾಗವಾಡ, ಅಥಣಿ, ರಾಯಬಾಗ, ದಿಗ್ಗೇವಾಡಿ. ತನ್ನ ದಿನದ ಬಾಡಿಗೆ ನೂರು ಕಿಲೋಮೀಟರು ದಾಟಿದ್ದು ವರ್ಷಕ್ಕೆ ಹತ್ತು ಸಲ ಇಲ್ಲ. "ತಗೋತಿದ್ನಿ," ಎಂದ. "ಅದನ್ನ ಯಾರೂ ಕೇಳಲೇ ಇಲ್ಲ."

ಮನೆಗೆ ಬಂದು ಸಕೀನಾಬಿಗೆ ಎಲ್ಲ ಹೇಳಿದ, ನಾಲ್ಕು ವರ್ಷದ ಸರ್ವಿಸಿನ ಮಾತನ್ನೂ ಬಿಡದೆ. ಅವಳು ಎಲ್ಲ ಕೇಳಿ, ಹೊಟ್ಟೆ ಕತ್ತರಿಸಿದ ಫೋಟೋ ನೋಡಬೇಕಿತ್ತು ಎಂದಳು.

ವಿರುಪಾಕ್ಷಪ್ಪ ಜೂನಿನಲ್ಲಿ ಒಂದು ಡೀಸೆಲ್ ಗಾಡಿ ತಂದ. ಹಾಲು ಅದರಲ್ಲಿ ನಿಪ್ಪಾಣಿಗೆ ಹೋಗುತ್ತದೆ, ಡೇರಿಯವರಿಗೆ ಕೊಟ್ಟ ಮಾತು ತಪ್ಪಲಿಲ್ಲ. ಹುಸೇನಮಿಯಾನಿಗೆ ಪುಕ್ಕಟೆ ಸರ್ವಿಸ್ ಸಿಗಲಿಲ್ಲ. ಜುಗೂಳದ ಬಾಡಿಗೆ ಮಾತ್ರ ನಿಲ್ಲಲಿಲ್ಲ: ನೂರ ಮೂವತ್ತರೊಳಗಿನ ಕೆಲಸವೆಲ್ಲ ಅವನಿಗೇ ಬರುತ್ತದೆ, ರೊಕ್ಕ ಅವತ್ತಿಗವತ್ತೇ ಸಿಗುತ್ತದೆ, ಹಬ್ಬಕ್ಕೆ ಹಾಲಿನ ಗಿಂಡಿಯೂ ಬರುತ್ತದೆ. ಆದರೆ ಉಗಾರದಲ್ಲಿ ಮಳೆ ಹತ್ತಿದೆ ಅಣ್ಣಾರ, ಇವತ್ತು ಮಾಲು ಬೇಡ ಎಂದು ಅವನು ಫೋನಿನಲ್ಲಿ ಹೇಳಿದರೆ, ವಿರುಪಾಕ್ಷಪ್ಪ ಹೌದೇನ ಭಾಯಿ ಎಂದು ಫೋನ್ ಇಟ್ಟು, ಅಲ್ಲಿಯ ಸಕ್ಕರೆ ಫ್ಯಾಕ್ಟರಿಯ ತೂಕದ ಕಾಟಾದಲ್ಲಿ ಕೂಡುವ ಶ್ರೀಪಾಲನಿಗೆ ಇನ್ನೊಂದು ಫೋನ್ ಹಚ್ಚಿ, ಮಳೆ ಬರುತ್ತಿದೆಯೇ ಎಂದು ಕೇಳುತ್ತಾನೆ.